ಮಾಲಿಪಾಟೀಲ ಎಂಬೊಂದು ಅಡ್ಡಹೆಸರು



ಕಲಬುರಗಿಯ ಸೂಪರ್ ಮಾರ್ಕೆಟ್ಟಿನಿಂದ ಜಗತ್ ವೃತ್ತದ ಕಡೆಗೆ, ಬಿಡುವಿದ್ದರೆ ನೆಹರು ಗಂಜಿನ ಅಡತಿ ಅಂಗಡಿಗಳ ಸಾಲಿನವರೆಗೂ, ವೈದ್ಯರ, ವಕೀಲರ, ವರ್ತಕರ ಹೆಸರಿನ ಹಲಗೆಗಳನ್ನು ಓದುತ್ತ ನಡೆಯುವವನಿಗೆ ಈ ಸೀಮೆಯ ಹಲವು ಶತಮಾನಗಳ ರಾಜ್ಯಾಡಳಿತದ ಚರಿತ್ರೆಯು ಕ್ರಮ ತಪ್ಪಿದ ಪುಟಗಳಲ್ಲಿ ದೊರೆಯುತ್ತದೆ. ಪಾಟೀಲ, ಕುಲಕರ್ಣಿ, ದೇಶಮುಖ, ದೇಶಪಾಂಡೆ, ಇನಾಮದಾರ, ಜಾಗೀರದಾರ ಎಂಬಿವು ಧಾರವಾಡಕ್ಕೂ ಬೆಳಗಾವಿಗೂ ಸೊಲ್ಲಾಪುರಕ್ಕೂ ಪುಣೆಗೂ ಸಮಾನವಾದ ಹೆಸರುಗಳು. ಅವನ್ನು ಕೇಳಿ ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ಅವುಗಳ ನಡುವೆ ಆಗಾಗ ಮಾಲಿಪಾಟೀಲ ಎಂಬುದೊಂದು ಕಾಣಿಸಿಕೊಳ್ಳುತ್ತದೆ. ಮೈಸೂರು ಕಡೆಯ ಸಜ್ಜನರು ಇದನ್ನು ಕೇಳಿದರೆ ಹೂದೋಟದ ಮಾಲಿಗಳ ಮನೆತನವೋ ಎಂದು ಊಹಿಸುವರು. ಧಾರವಾಡದವರಿಗೂ ಪಾಟೀಲನೇನೋ ಪರಿಚಿತ, ಮಾಲಿ ಎಂಬ ಪೂರ್ವಪದ ಮಾತ್ರ ಅಪರಿಚಿತ. ಇಲ್ಲಿಯವರಿಗೋ ಅದು ನಿತ್ಯದ ಮಾತು. ಒಂದು ಸೀಮೆಯಲ್ಲಿ ನಿತ್ಯವೂ, ಉಳಿದೆಲ್ಲ ಕಡೆಗಳಲ್ಲಿ ಅತಿವಿರಳವೂ ಆದ ಈ ಅಡ್ಡಹೆಸರು ಎಲ್ಲಿಂದ ಬಂದಿತು, ಹೇಗೆ ನಿಂತಿತು, ಇಂದು ಅದರ ಸ್ಥಿತಿಯೇನು ಎಂಬುದನ್ನು ತಮ್ಮ ಮುಂದೆ ನಿವೇದಿಸಬೇಕೆಂದು ನನ್ನ ಆಸೆ.

ಪಾಟೀಲ ಎಂಬ ಉತ್ತರಪದವು ಪ್ರಾಚೀನವಾದುದು. ಮಧ್ಯಯುಗದ ತಾಮ್ರಶಾಸನಗಳಲ್ಲಿ ಗ್ರಾಮದ ಮುಖ್ಯಸ್ಥನನ್ನು ಪಟ್ಟಕಿಲನೆಂದು ಕರೆದಿರುವುದುಂಟು. ಆ ಮಾತೇ ಸವೆದು ಪಟೇಲ, ಪಾಟೀಲ ಎಂದಾಯಿತೆಂಬುದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ ನಿರ್ಣಯ. ಕನ್ನಡದಲ್ಲಿ ಅದಕ್ಕೆ ಸಾಟಿಯಾದುದು ಗಾವುಂಡ ಶಬ್ದ; ಅದು ಗೌಡನಾಗಿ ಇಂದಿಗೂ ಬಾಳಿದೆ. ನಮ್ಮ ಹಳ್ಳಿಗಳಲ್ಲಿ ಕಾಗದದ ಮೇಲೆ ಪಾಟೀಲನಾದವನು ಬಾಯಿಮಾತಿನಲ್ಲಿ ಗೌಡನೇ, ಅವನ ಮನೆ ಗೌಡರ ವಾಡೆ, ‘ಗೌಡ್ರು ಅದಾರೇನ್ರಿ?’ ಎಂದು ಬಾಗಿಲಲ್ಲಿ ನಿಂತು ಕೇಳುವರೇ ಹೊರತು, ಪಾಟೀಲರು ಇದ್ದಾರೆಯೇ ಎಂದು ಕೇಳುವವರು ಕಡಿಮೆ. ಪೂರ್ವಪದವಾದ ಮಾಲಿಯು ಬೇರೊಂದು ಪದರಕ್ಕೆ ಸೇರಿದ್ದು. 1347ರಲ್ಲಿ ಇದೇ ಕಲಬುರಗಿಯನ್ನು ರಾಜಧಾನಿಯಾಗಿ ಮಾಡಿಕೊಂಡು ಬಹಮನಿ ರಾಜ್ಯವು ನಿಂತ ಮೇಲೆ, ಅರಬ್ಬಿ ಪಾರಸಿಗಳ ಕಂದಾಯದ ಪರಿಭಾಷೆಯು ಈ ನೆಲದಲ್ಲಿ ಬೇರೂರಿತು. ಮಾಲ್ ಎಂದರೆ ಸ್ವತ್ತು, ಧನ, ಅದರಿಂದ ಮುಂದೆ ಸರಕಾರಕ್ಕೆ ಸಲ್ಲುವ ಭೂಕಂದಾಯ. ಆದುದರಿಂದ ಮಾಲಿಪಾಟೀಲನೆಂದರೆ ಕಂದಾಯದ ಪಾಟೀಲ. ಹೂವಿನ ತೋಟಕ್ಕೂ ಅವನಿಗೂ ಯಾವ ಸಂಬಂಧವೂ ಇಲ್ಲ.

ಕಂದಾಯದ ಪಾಟೀಲನೆಂದು ವಿಶೇಷಿಸಿ ಹೇಳಬೇಕಾದ ಅಗತ್ಯ ಬಂದುದು ಮತ್ತೊಬ್ಬ ಪಾಟೀಲನಿದ್ದುದರಿಂದ. ಹೈದರಾಬಾದ್ ಸಂಸ್ಥಾನದ ದಿವಾನರಾಗಿ 1853ರಿಂದ 1883ರವರೆಗೆ ಅಧಿಕಾರ ನಡೆಸಿದ ಮೊದಲನೆಯ ಸಾಲಾರ್ ಜಂಗರು, ಅದುವರೆಗೆ ಕಂದಾಯವನ್ನು ಗುತ್ತಿಗೆಗೆ ಹಿಡಿದು ರೈತರನ್ನು ಹಿಂಡುತ್ತಿದ್ದ ಮಧ್ಯವರ್ತಿಗಳನ್ನು ಸರಿಸಿ, 1865ರ ಜಿಲ್ಲಾಬಂದಿಯ ಮೂಲಕ ರಾಜ್ಯವನ್ನು ಜಿಲ್ಲೆ ತಾಲ್ಲೂಕುಗಳಾಗಿ ವಿಂಗಡಿಸಿ, ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ಆ ವ್ಯವಸ್ಥೆಯ ತಳದಲ್ಲಿ, ಪ್ರತಿ ಗ್ರಾಮದಲ್ಲಿಯೂ, ಮೂವರು ವತನದಾರರು ನಿಂತರು: ತೆರಿಗೆಯನ್ನು ವಸೂಲು ಮಾಡಿ ತಹಸೀಲು ಖಜಾನೆಗೆ ಮುಟ್ಟಿಸತಕ್ಕ ಮಾಲಿ ಪಟೇಲ, ಕಳವು ಕೊಲೆ ಜನನ ಮರಣಗಳ ವರದಿಯನ್ನು ಮೇಲಕ್ಕೆ ಕಳುಹಿಸತಕ್ಕ ಪೊಲೀಸ್ ಪಟೇಲ, ಇಬ್ಬರಿಗೂ ಲೆಕ್ಕ ಬರೆಯತಕ್ಕ ಪಟವಾರಿ, ಎಂದರೆ ಹಳೆಯ ಕುಲಕರ್ಣಿ. ಇವರ ಕೈಕೆಳಗೆ ತಳವಾರನೂ ವಾಲೀಕಾರನೂ. ಓಲೆಯನ್ನು ಒಯ್ಯುವ ಓಲೆಕಾರನೇ ನಮ್ಮ ಸೀಮೆಯ ಉಚ್ಚಾರದಲ್ಲಿ ವಾಲೀಕಾರನಾದನು. ಕವಿ ಚನ್ನಣ್ಣ ವಾಲೀಕಾರರ ಮೂಲಕ ಆ ಹೆಸರು ಕನ್ನಡ ನಾಡಿಗೆಲ್ಲ ಗೊತ್ತಾಯಿತು. ಈ ಹುದ್ದೆಗಳೆಲ್ಲ ವಂಶಪಾರಂಪರ್ಯವಾಗಿದ್ದುವು. ಅಜ್ಜನ ಕೆಲಸ ಅಪ್ಪನಿಗೆ, ಅಪ್ಪನದು ಮಗನಿಗೆ ಇಳಿದುಬಂದಾಗ ಹುದ್ದೆಯ ಹೆಸರು ಮನೆತನದ ಹೆಸರಾಗದೆ ಇನ್ನೇನಾದೀತು! ಒಂದೇ ಮೂಲದ ದಾಯಾದಿಗಳಲ್ಲಿ ಒಂದು ಕವಲಿಗೆ ಮಾಲಿಯೂ ಇನ್ನೊಂದಕ್ಕೆ ಪೊಲೀಸೂ ಬಂದ ಊರುಗಳಲ್ಲಿ, ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಒಂದೇ ರಕ್ತದವರು ಮಾಲಿಪಾಟೀಲರೆಂದೂ ಪೊಲೀಸಪಾಟೀಲರೆಂದೂ ಎರಡು ಅಡ್ಡಹೆಸರಿನವರಾಗಿ, ಎದುರುಬದುರು ವಾಡೆಗಳಲ್ಲಿ ವಾಸಿಸುವಂತಾಯಿತು.

ಇಲ್ಲಿಯವರೆಗೆ ಹೇಳಿದುದು ಸುಲಭವಾದ ಭಾಗ. ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ ಬೇರೊಂದು. ಮಾಲಿ ಪಟೇಲನೆಂಬ ಅಧಿಕಾರಿ ನಿಜಾಮರ ರಾಜ್ಯದಲ್ಲೆಲ್ಲ ಇದ್ದನು. ತೆಲಂಗಾಣದ ಪ್ರತಿ ಹಳ್ಳಿಯಲ್ಲಿಯೂ ಇದ್ದನು, ಅಷ್ಟೇಕೆ, ಅಲ್ಲಿ ಆ ಹುದ್ದೆ 1984ರಲ್ಲಿ ಎನ್. ಟಿ. ರಾಮರಾಯರ ಸರಕಾರವು ತೆಗೆದುಹಾಕುವವರೆಗೆ, ನಮ್ಮಲ್ಲಿ ಅದು ಅಳಿದ ಎರಡು ದಶಕಗಳ ಮೇಲೂ, ಜೀವಂತವಾಗಿದ್ದಿತು. ಆದರೂ ತೆಲುಗರಲ್ಲಿ ಮಾಲಿಪಾಟೀಲರಿಲ್ಲವೇಕೆ? ಕಾರಣವನ್ನು ಹೆಸರಿನ ಸಂಪ್ರದಾಯದಲ್ಲಿ ಹುಡುಕಬೇಕು. ತೆಲುಗರಿಗೆ ಇಂಟಿಪೇರು ಎಂಬ ಮನೆಯ ಹೆಸರು ಬಹು ಹಿಂದಿನಿಂದಲೇ ಸ್ಥಿರಪಟ್ಟು, ಸ್ವಂತ ಹೆಸರಿನ ಮುಂದುಗಡೆ ಕುಳಿತಿದ್ದಿತು. ಹುದ್ದೆಯ ಹೆಸರಿಗೆ ಅಲ್ಲಿ ಎಡೆಯಿರಲಿಲ್ಲ. ಹೀಗಾಗಿ ಅಲ್ಲಿ ಪಟೇಲನೆಂಬುದು ಗೌರವದ ಕರೆಯಾಗಿ ಉಳಿಯಿತು, ಅಡ್ಡಹೆಸರಾಗಲಿಲ್ಲ. ಕೃಷ್ಣೆ ಭೀಮೆಯರ ಪ್ರದೇಶದ ಕನ್ನಡಿಗರಿಗೋ, ಮರಾಠರೊಡನೆ ಹಂಚಿಕೊಂಡ ಪದ್ಧತಿಯಂತೆ, ಸ್ವಂತ ಹೆಸರು, ತಂದೆಯ ಹೆಸರು, ಕಡೆಯಲ್ಲಿ ಅಡ್ಡಹೆಸರು ಎಂಬ ಕ್ರಮ. ಆ ಕಡೆಯ ಸ್ಥಾನವು ಊರಿನಿಂದಲೋ ಉದ್ಯೋಗದಿಂದಲೋ ತುಂಬಿಕೊಳ್ಳಲು ಸದಾ ಸಿದ್ಧವಾಗಿದ್ದಿತು.

ಇನ್ನು ಪಶ್ಚಿಮಕ್ಕೆ ಹೋಗೋಣ. ಅಫಜಲಪುರ ತಾಲ್ಲೂಕಿನ ಅಂಚಿನಲ್ಲಿ ಭೀಮಾನದಿಯನ್ನು ದಾಟಿ ಇಂಡಿ, ಸಿಂದಗಿಗಳ ಸೀಮೆಗೆ ಕಾಲಿಟ್ಟರೆ ಹಿಂದಿನ ಮುಂಬಯಿ ಪ್ರಾಂತ. ಭಾಷೆ ಅದೇ, ಜೋಳ ಅದೇ, ಹೆಸರಿನ ಕ್ರಮವೂ ಅದೇ. ಕಂದಾಯದ ಪಾಟೀಲನೂ ಇದ್ದನು. ಆದರೆ ಬ್ರಿಟಿಷರ ದಫ್ತರದಲ್ಲಿ ಅವನನ್ನು ಮುಲ್ಕಿ ಪಾಟೀಲನೆಂದು ಬರೆಯುತ್ತಿದ್ದರು. ಧಾರವಾಡ ಗದಗಗಳ ಕಡೆ ಅಲ್ಲೊಂದು ಇಲ್ಲೊಂದು ಸಿಕ್ಕುವ ಮುಲ್ಕಿಪಾಟೀಲರು ನಮ್ಮ ಮಾಲಿಪಾಟೀಲರ ಸೋದರರೇ ಸರಿ, ಬೇರೆ ದೊರೆಯ ಕಾಗದದಲ್ಲಿ ಹುಟ್ಟಿದವರು. ಪೂರ್ವದಲ್ಲಿ ಹುದ್ದೆಯಿದ್ದರೂ ಹೆಸರಿಗೆ ತೆರವಿಲ್ಲ, ಪಶ್ಚಿಮದಲ್ಲಿ ತೆರವಿದ್ದರೂ ಹುದ್ದೆಯ ಹೆಸರು ಬೇರೆ. ನಿಜಾಮರ ಆಡಳಿತವೂ ಕನ್ನಡಿಗರ ಅಡ್ಡಹೆಸರಿನ ಪದ್ಧತಿಯೂ ಒಂದನ್ನೊಂದು ಸಂಧಿಸಿದ ಬೀದರ, ಕಲಬುರಗಿ, ರಾಯಚೂರು ಎಂಬ ಮೂರು ಹಳೆಯ ಜಿಲ್ಲೆಗಳಲ್ಲಿ ಈ ಹೆಸರು ಮೊಳೆಯುವುದು ಸಾಧ್ಯವಾಯಿತು. 1948ರ ಸೆಪ್ಟೆಂಬರ್ 17ರಂದು ಆ ರಾಜ್ಯವು ಮುಗಿಯಿತು. 1956ರ ನವೆಂಬರ್ 1ರಂದು ಅದರ ಗಡಿಯೂ ಭೂಪಟದಿಂದ ಮಾಯವಾಯಿತು. ಆದರೆ ಮಾಲಿಪಾಟೀಲರ ಮನೆಗಳನ್ನು ಒಂದೊಂದಾಗಿ ಗುರುತು ಹಾಕುತ್ತ ಹೋದವನಿಗೆ ಆ ಗಡಿಯು ಪುನಃ ಮೂಡಿಬರುವುದು.

  

ಕಮಲಾಪುರದ ಕಡೆಯ ಒಂದು ಹಳ್ಳಿಯಲ್ಲಿ ಇಂತಹ ವಾಡೆಯೊಂದನ್ನು ನೋಡುವ ಅವಕಾಶ ನನಗೆ ದೊರೆತಿದ್ದಿತು. ಮಹಾಗಾಂವ ದಾಟಿದ ಮೇಲೆ ರಸ್ತೆಯ ಇಕ್ಕೆಲದಲ್ಲಿ ತೊಗರಿಯ ಹೊಲಗಳು, ನೀರಾವರಿಯಿದ್ದ ಕಡೆ ಕಮಲಾಪುರಕ್ಕೆ ಹೆಸರು ತಂದ ಕೆಂಪು ಬಾಳೆಯ ತೋಟಗಳು. ವಾಡೆಯ ಬಾಗಿಲು ಆನೆಯಷ್ಟಲ್ಲದಿದ್ದರೂ ಎತ್ತಿನ ಬಂಡಿ ಒಳಹೋಗುವಷ್ಟು. ಅಂಗಳಕ್ಕೆ ಶಹಾಬಾದಿನ ಫರಸಿ. ಪಡಸಾಲೆಯ ಎಡಮೂಲೆಯಲ್ಲಿ, ಹಿಂದೆ ಪಟವಾರಿ ಕುಳಿತು ಲೆಕ್ಕ ಬರೆಯುತ್ತಿದ್ದ ಸ್ಥಳವೆಂದು ತೋರಿಸಿದ ಕಟ್ಟೆ. ಮನೆಯ ಹಿರಿಯರು ಒಳಗಿನಿಂದ ಕೆಂಪು ಅರಿವೆಯಲ್ಲಿ ಕಟ್ಟಿದ ಬಸ್ತಾ ಒಂದನ್ನು ತಂದು, ಗಂಟು ಬಿಚ್ಚಿ, ಮಡಿಕೆಯಲ್ಲಿ ಹರಿದು ನಿಂತ ಕಾಗದಗಳನ್ನು ಒಂದರ ಪಕ್ಕದಲ್ಲೊಂದು ಹಾಸಿದರು. ಮೇಲೆ ಸರಕಾರದ ಮೊಹರು, ಫಸಲಿ ಎಂಬ ಕಂದಾಯದ ವರ್ಷ, ಉರ್ದುವಿನ ಬರಹ. ಕೆಳಗೆ ಬೇರೆ ಕೈಯ, ಬೇರೆ ಮಸಿಯ ಕನ್ನಡದ ಸಹಿ. ‘ನಮ್ಮಪ್ಪಗ ಇದು ಓದಾಕ ಬರ್ತಿತ್ರಿ, ನನಗ ಬರಂಗಿಲ್ಲ, ನನ್ನ ಮಗಗ ಇದು ಯಾವ ಭಾಷಾ ಅನ್ನೂದೂ ಗೊತ್ತಿಲ್ಲ’ ಎಂದರು ಅವರು, ಯಾವ ದುಃಖವನ್ನೂ ತೋರದೆ. ತಮ್ಮ ಹೆಸರು ಆ ಲಿಪಿಯಲ್ಲಿ ಎಲ್ಲಿದೆಯೆಂಬುದು ಮಾತ್ರ ಅವರಿಗೆ ಗೊತ್ತಿದ್ದಿತು, ಬೆರಳಿಟ್ಟು ತೋರಿಸಿದರು. ಮೀಮ್, ಅಲಿಫ್, ಲಾಮ್, ಯೇ: ಮಾಲಿ. ಒಂದು ಮನೆತನದ ಹೆಸರು ಯಾವ ಕಾಗದದ ಮೇಲೆ ಹುಟ್ಟಿತೋ ಆ ಕಾಗದವನ್ನೇ ಕಣ್ಣಾರೆ ಕಾಣುವ ಭಾಗ್ಯವು ಹೆಸರುಗಳ ಅಭ್ಯಾಸಿಗೆ ಎಲ್ಲ ದೇಶದಲ್ಲಿಯೂ ದೊರೆಯತಕ್ಕದ್ದಲ್ಲ.

ಏಕೆಂದರೆ ಬೇರೆ ದೇಶಗಳಲ್ಲಿ ಈ ಕ್ರಿಯೆ ಅತಿ ಹಿಂದೆಯೇ ನಡೆದುಹೋಗಿದೆ. ಇಂಗ್ಲೆಂಡಿನಲ್ಲಿ ಅಡ್ಡಹೆಸರುಗಳು ವಂಶಪಾರಂಪರ್ಯವಾಗಿ ನಿಲ್ಲತೊಡಗಿದುದು 1066ರ ನಾರ್ಮನ್ ವಿಜಯದ ಅನಂತರದ ಮೂರು ನಾಲ್ಕು ಶತಮಾನಗಳಲ್ಲಿ. ಅಲ್ಲಿ ಒಡೆಯನ ಗ್ರಾಮದ ವಸೂಲಿಯನ್ನು ನೋಡಿಕೊಳ್ಳುತ್ತಿದ್ದ ರೀವ್ ಎಂಬ ಅಧಿಕಾರಿ, ಹೆಚ್ಚು ಕಡಿಮೆ ನಮ್ಮ ಮಾಲಿ ಪಟೇಲನೇ. ಇಂದಿನ ರೀವ್, ರೀವ್ಸ್ ಮನೆತನಗಳು ಅವನ ಹೆಸರನ್ನು ಹೊತ್ತಿವೆ, ಆದರೆ ಮೊದಲನೆಯ ರೀವ್‌ನ ಬಸ್ತಾ ಯಾರ ಮನೆಯಲ್ಲಿ ಇದ್ದೀತು? 1538ರಲ್ಲಿ ಥಾಮಸ್ ಕ್ರಾಮ್ವೆಲ್ಲನ ಆಜ್ಞೆಯಂತೆ ಪ್ರತಿ ಚರ್ಚಿನಲ್ಲಿಯೂ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳ ದಾಖಲೆಯನ್ನಿಡಲು ತೊಡಗಿದ ಮೇಲೆ ಹೆಸರುಗಳ ಬರಹವು ಮೆಲ್ಲಮೆಲ್ಲನೆ ಸ್ಥಿರವಾಯಿತು. 1890ರಲ್ಲಿ ಹೆನ್ರಿ ಬ್ರೌಮ್ ಗಪ್ಪಿ ಎಂಬವರು ಬ್ರಿಟನ್ನಿನ ಅಡ್ಡಹೆಸರುಗಳ ನೆಲೆಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ನಗರವಾಸಿಗಳನ್ನು ಎಣಿಸದೆ, ನೆಲವನ್ನು ಬಿಟ್ಟು ಕದಲದವರು ಒಕ್ಕಲಿಗರೇ ಎಂಬ ವಿವೇಕದಿಂದ, ಆಯಾ ಪ್ರಾಂತದ ಡೈರೆಕ್ಟರಿಗಳಲ್ಲಿದ್ದ ರೈತರ ಹೆಸರುಗಳನ್ನು ಮಾತ್ರ ಎಣಿಸಿ, ದೇಶಕ್ಕೆಲ್ಲ ಸಾಮಾನ್ಯವಾದವುಗಳಿಂದ ಮೊದಲ್ಗೊಂಡು ಒಂದೇ ಕೌಂಟಿಗೆ ಸೀಮಿತವಾದವುಗಳ ವರೆಗೆ ಹೆಸರುಗಳನ್ನು ಆರು ತರಗತಿಗಳಾಗಿ ವಿಂಗಡಿಸಿದರು. ಆ ಮಾನದಿಂದ ಅಳೆದರೆ ಕರ್ನಾಟಕದಲ್ಲಿ ಪಾಟೀಲನು ಸಾಮಾನ್ಯ ತರಗತಿಗೂ, ಮಾಲಿಪಾಟೀಲನು ಕಡೆಯ ಎರಡು ತರಗತಿಗಳ ಗಡಿಗೂ ಸಲ್ಲುವರು.

ಇಂದು ಮಾಲಿಪಾಟೀಲರು ಎಷ್ಟು ಮಂದಿ? ಇಲ್ಲಿ ಅಂಕಿಗಿಂತ ಮೊದಲು ಅಂಕಿಯ ಮೇರೆಯನ್ನು ಯೋಚಿಸುವುದು ಒಳ್ಳೆಯದು. ಒಂದು ಗ್ರಾಮಕ್ಕೆ ಒಬ್ಬನೇ ಮಾಲಿ ಪಟೇಲ. ಆದುದರಿಂದ ಮೂಲ ಮನೆಗಳ ಸಂಖ್ಯೆ ಗ್ರಾಮಗಳ ಸಂಖ್ಯೆಯನ್ನು ಬಹಳ ಮೀರಲಾರದು. ಆ ಮನೆಗಳಲ್ಲಿಯೂ ಅನೇಕರು ಹುದ್ದೆಯಿದ್ದಾಗಲೇ ಬರಿಯ ಪಾಟೀಲರೆಂದು ಬರೆಯಿಸಿಕೊಂಡರು. ಕೆಲವರು ಊರಿನ ಹೆಸರನ್ನು ಜೋಡಿಸಿಕೊಂಡರು. ಎರಡು ಹುದ್ದೆಯೂ ಒಬ್ಬನಲ್ಲಿಯೇ ಕೂಡಿದ ಕಡೆ ವಿಶೇಷಣದ ಅಗತ್ಯವೇ ಬೀಳಲಿಲ್ಲ. 2011ರ ಜನಗಣತಿಯಲ್ಲಿ ಇಪ್ಪತ್ತೈದು ಲಕ್ಷದ ಮೇಲೆ ಜನಸಂಖ್ಯೆಯಿದ್ದ ಕಲಬುರಗಿ ಜಿಲ್ಲೆಯಲ್ಲಿ, ಹೀಗೆ ಉಳಿದುಬಂದವರು ಸಣ್ಣದೊಂದು ಗುಂಪೇ ಆಗಬೇಕು. ಮತದಾರರ ಪಟ್ಟಿಯನ್ನು ಹಿಡಿದು ಕುಳಿತವನಿಗೆ ಮತ್ತೂ ಒಂದು ತೊಡಕು: ಮಾಲಿಪಾಟೀಲ, ಮಾಲೀಪಾಟೀಲ, ಮಾಲಿ ಪಾಟೀಲ್, ಮಾಲಿಪಾಟಿಲ ಎಂದು ಒಂದೇ ಹೆಸರಿಗೆ ನಾಲ್ಕು ಬರಹ, ಜೊತೆಗೆ, ಈ ಕಡೆಯ ಪಹಣಿ ಖರೀದಿಪತ್ರಗಳಲ್ಲಿ ಇಂತಹವರು ತಂದೆ ಇಂತಹವರು ಎಂದು ಬರೆದು ಅಡ್ಡಹೆಸರನ್ನೇ ಬಿಟ್ಟುಬಿಡುವ ರೂಢಿ.

ನನ್ನ ಮಟ್ಟಿಗೆ ಹೆಚ್ಚು ನಂಬಿಕೆಗೆ ಅರ್ಹವಾದ ದಾಖಲೆಯೆಂದರೆ ಲಗ್ನಪತ್ರಿಕೆ. ಕುಂಕುಮ ಹಚ್ಚಿ ಬಾಗಿಲಿಗೆ ಬರುವ ಆ ಪತ್ರಿಕೆಯಲ್ಲಿ ವಧೂವರರ ತಂದೆತಾಯಿಗಳು, ಅಜ್ಜ ಅಜ್ಜಿಯರು, ಸೋದರಮಾವಂದಿರು, ಎಲ್ಲರೂ ಪೂರ್ಣ ಅಡ್ಡಹೆಸರಿನೊಂದಿಗೆ ನಿಲ್ಲುವರು. ಪ್ರತಿಯೊಂದರ ಮುಂದೆ ಸಾ॥ ಎಂದು ಊರು, ತಾ॥ ಎಂದು ತಾಲ್ಲೂಕು, ಜಿ॥ ಎಂದು ಜಿಲ್ಲೆ. ಕಚೇರಿಯ ಕಾಗದದಲ್ಲಿ ಮಾಲಿಯನ್ನು ಬಿಟ್ಟವನೂ ಬೀಗರ ಮುಂದೆ ಬಿಡುವುದಿಲ್ಲ. ಕೆಲವು ವರ್ಷಗಳಿಂದ ಇಂತಹ ಪತ್ರಿಕೆಗಳನ್ನು ತೆಗೆದಿಡುತ್ತ ಬಂದ ನನಗೆ, ಮಾಲಿಪಾಟೀಲರ ಮನೆಗಳು ಕಲಬುರಗಿಯಲ್ಲಿಯೂ ರಾಯಚೂರು ಸೀಮೆಯಲ್ಲಿಯೂ ದಟ್ಟವಾಗಿರುವುದೂ, ಭೀಮೆಯ ಆಚೆಗೆ ಥಟ್ಟನೆ ವಿರಳವಾಗುವುದೂ ಮನವರಿಕೆಯಾಗಿದೆ.

ಲಗ್ನದ ಮಾತು ಬಂದುದರಿಂದ ಇನ್ನೊಂದು ವಿಷಯವನ್ನು ಹೇಳಲೇಬೇಕು. ಚಾರ್ಲ್ಸ್ ಡಾರ್ವಿನ್ನರ ಮಗನಾದ ಜಾರ್ಜ್ ಡಾರ್ವಿನ್ನರು 1875ರಲ್ಲಿ, ಇಂಗ್ಲೆಂಡಿನಲ್ಲಿ ದೊಡ್ಡಪ್ಪ ಚಿಕ್ಕಪ್ಪ ಸೋದರಮಾವಂದಿರ ಮಕ್ಕಳೊಳಗೆ ನಡೆಯುವ ಮದುವೆಗಳೆಷ್ಟು ಎಂದು ತಿಳಿಯಲು, ಒಂದೇ ಅಡ್ಡಹೆಸರಿನ ವಧೂವರರ ಮದುವೆಗಳನ್ನು ಎಣಿಸಿ, ಅದರಿಂದ ಗಣನೆ ಮಾಡುವ ಚಮತ್ಕಾರದ ಉಪಾಯವನ್ನು ಹೂಡಿದರು. ಅದೇ ಉಪಾಯವನ್ನು ಕಲಬುರಗಿಗೆ ತಂದರೆ ಫಲವು ಪೂರ್ತಿ ವಿಪರೀತವಾಗುವುದು. ನಮ್ಮಲ್ಲಿ ಸಂಬಂಧದೊಳಗಿನ ಮದುವೆಯೆಂದರೆ ಸೋದರಮಾವನ ಅಥವಾ ಸೋದರತ್ತೆಯ ಮನೆಯೊಡನೆ. ಅಲ್ಲಿ ಅಡ್ಡಹೆಸರುಗಳು ಬೇರೆಯಾಗಿರುವುದೇ ನಿಯಮ. ತದ್ವಿರುದ್ಧವಾಗಿ, ಆಳಂದದ ಕಡೆಯ ಮಾಲಿಪಾಟೀಲನಿಗೂ ಜೇವರಗಿಯ ಕಡೆಯ ಮಾಲಿಪಾಟೀಲನಿಗೂ ಹುದ್ದೆ ಒಂದಾಗಿದ್ದಿತಲ್ಲದೆ ರಕ್ತವು ಒಂದಾಗಿರಲಿಲ್ಲ. ಅವರು ಬೀಗರಾದರೆ ಯಾವ ಅಡ್ಡಿಯೂ ಇಲ್ಲ. ಅದಕ್ಕೇ ಹಿರಿಯರು ಅಡ್ಡಹೆಸರನ್ನು ಕೇಳಿ ತೃಪ್ತರಾಗದೆ ಬೆಡಗು ಯಾವುದು, ಮನೆದೇವರು ಯಾವುದು, ರೇವಗ್ಗಿಯ ರೇವಣಸಿದ್ಧೇಶ್ವರನೋ ಮೈಲಾಪುರದ ಮಲ್ಲಯ್ಯನೋ ಎಂದು ವಿಚಾರಿಸುವುದು. ಹೆಸರು ಒಂದೆಂದ ಮಾತ್ರಕ್ಕೆ ಕುಲ ಒಂದೆಂದು ತಿಳಿಯುವ ನಗರದ ಹುಡುಗರಿಗಿಂತ ಹಳ್ಳಿಯ ಈ ವಿಚಾರಣೆ ಹೆಚ್ಚು ಶಾಸ್ತ್ರೀಯವಾದುದು.

ಊರಿನಿಂದ ಬಂದ ಅಡ್ಡಹೆಸರುಗಳ ನಡೆಯೇ ಬೇರೆ. ಸಂಶೋಧಕ ಎಂ. ಎಂ. ಕಲಬುರ್ಗಿಯವರು ಈ ಪಟ್ಟಣದವರಲ್ಲ, ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನವರು, ಇರಬೇಕಾದುದೂ ಹಾಗೆಯೇ. ಕಲಬುರಗಿಯಲ್ಲಿಯೇ ಇರುವವನನ್ನು ಕಲಬುರಗಿಯವನೆಂದು ಕರೆದು ಗುರುತಿಸುವುದು ಯಾರಿಂದ ಸಾಧ್ಯ? ಊರನ್ನು ಬಿಟ್ಟುಹೋದವನಿಗೆ ಹೊಸ ನೆರೆಯವರು ಕೊಡುವ ಹೆಸರದು. ಆದುದರಿಂದ ಇಂತಹ ಹೆಸರು ತನ್ನ ಮೂಲಸ್ಥಾನದಲ್ಲಿಯೇ ಅತ್ಯಂತ ವಿರಳವಾಗಿರುತ್ತದೆ. ಕಮಲಾಪುರ ಎಂಬ ಅಡ್ಡಹೆಸರಿನವರು ಸಿಕ್ಕಿದರೆ ಇನ್ನೂ ಎಚ್ಚರ ಬೇಕು, ಹಂಪೆಯ ಪಕ್ಕದಲ್ಲಿಯೂ ಒಂದು ಕಮಲಾಪುರವಿದೆ. ಹುದ್ದೆಯ ಹೆಸರಿನ ಸ್ವಭಾವವು ಇದಕ್ಕೆ ನೇರ ವಿರುದ್ಧ: ಅದು ಹುಟ್ಟಿದ ನೆಲವನ್ನೇ ಕಚ್ಚಿಕೊಂಡಿರುತ್ತದೆ, ಏಕೆಂದರೆ ವತನವಿದ್ದವನಿಗೆ ಊರು ಬಿಡುವ ಕಾರಣವೇ ಇರಲಿಲ್ಲ.

ಆ ಕಾರಣವು ಒದಗಿದ್ದು ಗ್ರಾಮಾಧಿಕಾರಗಳನ್ನು ರದ್ದುಗೊಳಿಸಿದ 1961ರ ಶಾಸನದಿಂದ. 1963ರ ಫೆಬ್ರವರಿ 1ರಂದು ಅದು ಜಾರಿಗೆ ಬಂದಾಗ ಮಾಲಿ, ಪೊಲೀಸ್, ಪಟವಾರಿ ಎಂಬ ಮೂರು ಗದ್ದುಗೆಗಳೂ ಇಳಿದುಹೋಗಿ, ಸಂಬಳದ, ವರ್ಗಾವಣೆಯ ಗ್ರಾಮಲೆಕ್ಕಿಗನು ಬಂದನು. ರೈತನ ದೃಷ್ಟಿಯಿಂದ ಇದು ಆಗಬೇಕಾದದ್ದೇ. ಜನ್ಮಮಾತ್ರದಿಂದ ಬಂದ ಅಧಿಕಾರವು ಅನೇಕ ಊರುಗಳಲ್ಲಿ ದರ್ಪವಾಗಿಯೂ ಬಿಟ್ಟಿದುಡಿಮೆಯಾಗಿಯೂ ಪರಿಣಮಿಸಿದ್ದನ್ನು ವಾಲೀಕಾರ ತಳವಾರರ ಮಕ್ಕಳು ಇನ್ನೂ ಮರೆತಿಲ್ಲ, ಮರೆಯಬೇಕೆಂದು ನಾನು ಹೇಳುವವನೂ ಅಲ್ಲ. ಹುದ್ದೆ ಹೋದುದಕ್ಕೆ ನನಗೆ ವ್ಯಥೆಯಿಲ್ಲ. ಹೆಸರು ಹೋಗುತ್ತಿರುವುದಕ್ಕೆ ಉಂಟು.

ಫ್ರಾನ್ಸಿಸ್ ಗಾಲ್ಟನ್ ಎಂಬ ವಿಜ್ಞಾನಿಯೂ ಹೆನ್ರಿ ವಾಟ್ಸನ್ ಎಂಬ ಪಾದ್ರಿಯೂ ಸೇರಿ 1874ರಲ್ಲಿ, ಗಂಡುಸಂತಾನದ ಏರುಪೇರಿನಿಂದಲೇ ಮನೆತನದ ಹೆಸರುಗಳು ಹೇಗೆ ಅಳಿಯುತ್ತವೆಯೆಂಬುದನ್ನು ಗಣಿತದಿಂದ ವಿವೇಚಿಸಿದರು. ಒಂದೇ ಮನೆಯಲ್ಲಿ ಹುಟ್ಟಿದ ಹೆಸರಿಗೆ ಆ ಗಂಡಾಂತರ ದೊಡ್ಡದು. ಮಾಲಿಪಾಟೀಲವು ನೂರಾರು ಊರುಗಳಲ್ಲಿ ಪ್ರತ್ಯೇಕವಾಗಿ ಹುಟ್ಟಿದುದರಿಂದ ಅದಕ್ಕೆ ಆ ಭಯವಿಲ್ಲ. ಅದರ ಅಪಾಯವಿರುವುದು ಅರ್ಜಿಯ ನಮೂನೆಯಲ್ಲಿ. ಶಾಲೆಗೆ ಸೇರಿಸುವ ದಿನ, ಪಡಿತರ ಚೀಟಿ ಮಾಡಿಸುವ ದಿನ, ಆಧಾರಿಗೆ ಬೆರಳೊತ್ತುವ ದಿನ, ಗಣಕಯಂತ್ರದ ಮುಂದೆ ಕುಳಿತವನು ಹೆಸರಿಗೆ ಇಷ್ಟೇ ಮನೆ ಎಂದು ಹೇಳಿ, ಮಾಲಿಯನ್ನು ಎಂ. ಎಂಬ ಒಂದಕ್ಷರಕ್ಕೆ ಇಳಿಸುತ್ತಾನೆ, ಇಲ್ಲವೆ ಪಾಟೀಲ್ ಎಂದಷ್ಟೇ ಬರೆದು ಮುಗಿಸುತ್ತಾನೆ. ಬೆಂಗಳೂರಿಗೋ ಹೈದರಾಬಾದಿಗೋ ಕೆಲಸಕ್ಕೆ ಹೋದ ತರುಣರು, ಹೋದಲ್ಲೆಲ್ಲ ವಿವರಿಸುವ ಬೇಸರಕ್ಕೆ, ತಾವಾಗಿಯೇ ಬಿಡುವುದೂ ಉಂಟು. ಎರಡು ತಲೆಮಾರು ಹೀಗೆ ಸಾಗಿದರೆ ಲಕ್ಷಾಂತರ ಪಾಟೀಲರ ಸಮುದ್ರದಲ್ಲಿ ಈ ಹೆಸರು ಕರಗಿಹೋದೀತು.

ಈ ಹೆಸರಿನ ಶ್ರೋತೃಗಳು ಯಾರಾದರೂ ನನ್ನ ಮಾತನ್ನು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ಮಗುವಿನ ಶಾಲಾ ದಾಖಲೆಯಲ್ಲಿ ಮಾಲಿಪಾಟೀಲ ಎಂದು, ನಡುವೆ ಬಿಡುವು ಕೊಡದೆ, ಒಂದೇ ಪದವಾಗಿ ಬರೆಯಿಸಿರಿ; ಆಗ ಅದನ್ನು ಕತ್ತರಿಸಲು ಯಂತ್ರಕ್ಕೂ ಎಡೆಯಿರುವುದಿಲ್ಲ. ವಾಡೆಯ ಅಟ್ಟದ ಮೇಲೆ ಬಸ್ತಾ ಇದ್ದರೆ ಕೆಳಗಿಳಿಸಿ, ಗೆದ್ದಲು ಹಿಡಿಯದಂತೆ ಒಣಗಿಸಿ, ಒಂದೊಂದು ಹಾಳೆಯ ಛಾಯಾಚಿತ್ರವನ್ನು ತೆಗೆಯಿಸಿರಿ. ಹಳೆಯ ದಫ್ತರದ ಉರ್ದುವನ್ನು ಸರಾಗವಾಗಿ ಓದಬಲ್ಲ ಹಿರಿಯರು ಕಲಬುರಗಿಯ ಹಳೆಯ ಮೊಹಲ್ಲಾಗಳಲ್ಲಿ ಇನ್ನೂ ಇದ್ದಾರೆ. ಅವರ ಪಕ್ಕದಲ್ಲಿ ಕುಳಿತು, ಯಾರ ಅನಂತರ ಯಾರಿಗೆ ವತನ ಬಂದಿತು, ಯಾವ ಫಸಲಿಯಲ್ಲಿ ಬಂದಿತು, ಅಂದಿನ ವಾಲೀಕಾರನಾರು, ತಳವಾರನಾರು ಎಂಬುದನ್ನು ಕನ್ನಡದಲ್ಲಿ ಬರೆದುಕೊಳ್ಳಿರಿ. ಆ ವಾಲೀಕಾರ ತಳವಾರರ ಮನೆಯವರಿಗೂ ಅದರ ಒಂದು ಪ್ರತಿ ಮುಟ್ಟಲಿ.